ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್ (ಗೇಮ್ ಬಾಯ್ ಆಟ)

ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್: ಇದೇ ಹೆಸರಿನ ಕಾರ್ಡ್ ಆಟವನ್ನು ಆಧರಿಸಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಕ್ಕೆ ತಯಾರಾದ ವಿಡಿಯೊ ಗೇಮ್. ಜಪಾನಿನ ಹಡ್ಸನ್ ಸಾಫ್ಟ್ ಮತ್ತು ಕ್ರೀಚರ್ಸ್ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಈ ಆಟ ಅಲ್ಲಿ 1998ರ ಡಿಸೆಂಬರ್ 18ರಂದು 'ಪೋಕೆಮಾನ್ ಕಾರ್ಡ್ ಜಿಬಿ' ಎಂಬ ಹೆಸರಿನಲ್ಲಿ ಹೊರಬಂತು. ಇಂಗ್ಲಿಷ್ ಆವೃತ್ತಿ 2000ದ ಏಪ್ರಿಲ್‌ನಲ್ಲಿ ಉತ್ತರ ಅಮೆರಿಕವನ್ನೂ ಆ ವರ್ಷದ ಕೊನೆಯಲ್ಲಿ ಯುರೋಪನ್ನೂ ತಲುಪಿತು. ಸಂಗೀತ ಇಚಿರೊ ಶಿಮಾಕುರಾ ಅವರದು. ಕಾಗದದ ಕಾರ್ಡುಗಳನ್ನು ಪರದೆಗೆ ತಂದ ಪ್ರಯತ್ನಗಳು ಇದಕ್ಕೆ ಮೊದಲೂ ಇದ್ದವು, ಆಮೇಲಂತೂ ಲೆಕ್ಕವಿಲ್ಲದಷ್ಟು ಬಂದಿವೆ. ಆದರೂ ಕಾಲು ಶತಮಾನದ ನಂತರ ಇದನ್ನು ಜನ ಇನ್ನೂ ಆಡುತ್ತಿದ್ದಾರೆ. ಕಾರ್ಡ್ ಸಂಗ್ರಹದ ಹವ್ಯಾಸದಲ್ಲಿರುವ ಕೂಡಿಡುವುದು, ಕಟ್ಟು ಜೋಡಿಸುವುದು, ಪಂದ್ಯ ಆಡುವುದು ಎಂಬ ಮೂರು ಸುಖಗಳನ್ನೂ ಉಳಿಸಿಕೊಂಡು ಹಣವನ್ನು ಇದು ಹೊರಗಿಟ್ಟಿತು. ಅದರ ಸೊಗಸೆಲ್ಲ ಅಲ್ಲಿದೆ.

ಹಿನ್ನೆಲೆ

ಸಂಗ್ರಹಿಸಿ ಆಡುವ ಕಾರ್ಡ್ ಆಟದ ಇಂದಿನ ರೂಪ 1993ರಲ್ಲಿ ಹುಟ್ಟಿತು. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಆ ವರ್ಷ ಮಾರಾಟಕ್ಕೆ ತಂದಿತು. ಇಸ್ಪೀಟಿನಲ್ಲಿ ಎಲ್ಲರೂ ಅವೇ 52 ಎಲೆಗಳನ್ನು ಹಂಚಿಕೊಂಡು ಆಡುತ್ತಾರೆ. ಇಲ್ಲಿ ಪ್ರತಿಯೊಬ್ಬ ಆಟಗಾರನೂ ನೂರಾರು ಬಗೆಯ ಕಾರ್ಡುಗಳಿಂದ ಆರಿಸಿ ತನ್ನದೇ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಕಾರ್ಡುಗಳು ಸಿಗುವುದು ಮುಚ್ಚಿದ ಪ್ಯಾಕೆಟ್ಟುಗಳಲ್ಲಿ. ಒಳಗೇನಿದೆ ಎಂದು ಒಡೆಯುವವರೆಗೆ ತಿಳಿಯದು. ಕೆಲವು ಕಾರ್ಡುಗಳನ್ನು ಬೇಕೆಂದೇ ಕಡಿಮೆ ಸಂಖ್ಯೆಯಲ್ಲಿ ಅಚ್ಚು ಹಾಕಲಾಗುತ್ತದೆ. ಹೀಗೆ ಆಟದ ಬುದ್ಧಿವಂತಿಕೆಯ ಜೊತೆಗೆ ಅದೃಷ್ಟ ಮತ್ತು ಜೇಬಿನ ತೂಕವೂ ಸೇರಿಕೊಂಡವು.

ಪೋಕೆಮಾನ್ ಎಂಬ ಕಲ್ಪಿತ ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ಮೂಲ ವಿಡಿಯೊ ಗೇಮ್ ಜಪಾನಿನಲ್ಲಿ ಬಂದದ್ದು 1996ರ ಫೆಬ್ರವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ 20ರಂದು ಮೀಡಿಯಾ ಫ್ಯಾಕ್ಟರಿ ಎಂಬ ಪ್ರಕಾಶನ ಸಂಸ್ಥೆ ಅದರ ಕಾರ್ಡ್ ಆಟವನ್ನು ಹೊರತಂದಿತು. ಇದರ ಹಿಂದಿದ್ದವರು ಕ್ರೀಚರ್ಸ್ ಸಂಸ್ಥೆಯ ತ್ಸುನೆಕಾಜು ಇಶಿಹಾರಾ ಮತ್ತು ಅವರ ಬಳಗ. ಇಂಗ್ಲಿಷ್ ಕಾರ್ಡುಗಳನ್ನು 1999ರ ಜನವರಿಯಲ್ಲಿ ಪ್ರಕಟಿಸಿದ್ದು ಮ್ಯಾಜಿಕ್‌ನ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್. ಅಂದರೆ ಈ ಗೇಮ್ ಬಾಯ್ ಆಟ ವಿಡಿಯೊ ಗೇಮಿನಿಂದ ಹುಟ್ಟಿದ ಕಾರ್ಡ್ ಆಟದ ವಿಡಿಯೊ ಗೇಮ್. ಮಗನ ಮೂಲಕ ಅಪ್ಪನ ಮನೆಗೆ ಮರಳಿ ಬಂದ ಮೊಮ್ಮಗ.

ಆ ಹೊತ್ತಿಗೆ ಮ್ಯಾಜಿಕ್ ಕಂಪ್ಯೂಟರಿಗೆ ಬಂದಾಗಿತ್ತು. 1997ರಲ್ಲಿ ಮೈಕ್ರೋಪ್ರೋಸ್ ಸಂಸ್ಥೆ ಹೊರತಂದ ಆ ಆಟದಲ್ಲಿ ಗೇಮ್ ವಿನ್ಯಾಸಕ ಸಿಡ್ ಮೈಯರ್ ಕೈಯೂ ಇತ್ತು. ಶಂಡಲಾರ್ ಎಂಬ ಕಲ್ಪಿತ ಲೋಕದಲ್ಲಿ ಅಲೆಯುತ್ತ, ಎದುರಾದವರೊಡನೆ ಕಾರ್ಡನ್ನು ಪಣವಿಟ್ಟು ಆಡುತ್ತ ಕಟ್ಟು ಬೆಳೆಸಿಕೊಳ್ಳುವ ಬಗೆ ಅದು. ಜಪಾನಿನಲ್ಲಿ ಕೊನಾಮಿ ಸಂಸ್ಥೆಯ 'ಯೂ-ಗಿ-ಓ! ಡ್ಯುಯೆಲ್ ಮಾನ್‌ಸ್ಟರ್ಸ್' ಗೇಮ್ ಬಾಯ್‌ಗೆ ಬಂದದ್ದು ಪೋಕೆಮಾನ್ ಕಾರ್ಡ್ ಜಿಬಿಗಿಂತ ಎರಡೇ ದಿನ ಮೊದಲು. ಸ್ವಾರಸ್ಯವೆಂದರೆ ಕೊನಾಮಿಯ ಕಾಗದದ ಕಾರ್ಡುಗಳು ಮಾರುಕಟ್ಟೆಗೆ ಇಳಿದದ್ದು ಅದಾದ ಮೇಲೆ, 1999ರ ಫೆಬ್ರವರಿಯಲ್ಲಿ.

ಆಟದ ನಿಯಮ

ಪೋಕೆಮಾನ್ ಕಾರ್ಡಿನ ನಿಯಮಗಳು ಮ್ಯಾಜಿಕ್‌ನಷ್ಟು ಜಟಿಲವಲ್ಲ. ಕಟ್ಟಿನಲ್ಲಿ ಸರಿಯಾಗಿ 60 ಕಾರ್ಡು ಇರಬೇಕು. ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಮೊದಲು ಕೈಗೆ ಏಳು ಕಾರ್ಡು. ಕಣದಲ್ಲಿ ಒಂದು ಪೋಕೆಮಾನ್, ಅದರ ಹಿಂದೆ ಬೆಂಚಿನಲ್ಲಿ ಐದರವರೆಗೆ. ಪ್ರತಿ ಸರದಿಯಲ್ಲಿ ಒಂದು ಕಾರ್ಡು ಎತ್ತಿಕೊಂಡು, ಒಂದೇ ಒಂದು ಎನರ್ಜಿಯನ್ನು ಯಾವುದಾದರೂ ಪೋಕೆಮಾನ್‌ಗೆ ತೊಡಿಸಿ, ಸಾಕಷ್ಟು ಎನರ್ಜಿ ಇದ್ದರೆ ಹೊಡೆಯಬಹುದು. ಹೊಡೆದೊಡನೆ ಸರದಿ ಮುಗಿಯಿತು. ಎದುರಾಳಿಯ ಪೋಕೆಮಾನ್ ಒಂದನ್ನು ಕೆಡವಿದಾಗಲೆಲ್ಲ ಪಕ್ಕಕ್ಕಿಟ್ಟ ಬಹುಮಾನ ಕಾರ್ಡುಗಳಲ್ಲಿ ಒಂದು ಕೈ ಸೇರುತ್ತದೆ. ಎಲ್ಲವನ್ನೂ ಮೊದಲು ಗಳಿಸಿದವನು ಗೆದ್ದ. ಎದುರಾಳಿಯ ಕಡೆ ಆಡಲು ಪೋಕೆಮಾನ್ ಉಳಿಯದಿದ್ದರೂ, ಕಟ್ಟು ಖಾಲಿಯಾಗಿ ಎತ್ತಲು ಕಾರ್ಡಿಲ್ಲದಿದ್ದರೂ ಗೆಲುವೇ. ಪೂರ್ಣ ಪಂದ್ಯಕ್ಕೆ ಆರು ಬಹುಮಾನ. ಗೇಮ್ ಬಾಯ್‌ನ ಕೆಲವು ಎದುರಾಳಿಗಳು ಅದಕ್ಕಿಂತ ಕಡಿಮೆಗೂ ಆಡುತ್ತಾರೆ.

ಕಾಗದದ ಮೇಲೆ ಇದನ್ನು ಆಡುವಾಗ ಲೆಕ್ಕದ ಕಿರಿಕಿರಿ ಕಡಿಮೆಯೇನಲ್ಲ. ಪೆಟ್ಟಿನ ಬಿಲ್ಲೆಗಳನ್ನು ಜೋಡಿಸಬೇಕು, ದೌರ್ಬಲ್ಯವಿದ್ದರೆ ಪೆಟ್ಟನ್ನು ಇಮ್ಮಡಿ ಮಾಡಬೇಕು, ಪ್ರತಿರೋಧವಿದ್ದರೆ 30 ಕಳೆಯಬೇಕು, ನಿದ್ದೆ, ಗೊಂದಲ, ವಿಷ, ಮರಗಟ್ಟುವಿಕೆಗಳನ್ನು ನೆನಪಿಡಬೇಕು, ಮಾತುಮಾತಿಗೆ ನಾಣ್ಯ ಚಿಮ್ಮಬೇಕು. ಕಾರ್ಡ್ ಕೊಂಡ ಮಕ್ಕಳಲ್ಲಿ ಬಹುಪಾಲು ನಿಯಮ ಓದದೆ ಚಿತ್ರಗಳನ್ನಷ್ಟೇ ಆಲ್ಬಮ್ಮಿನಲ್ಲಿ ಜೋಡಿಸಿಟ್ಟದ್ದು ಸೋಜಿಗವಲ್ಲ. ಗೇಮ್ ಬಾಯ್ ಈ ಗುಮಾಸ್ತಗಿರಿಯನ್ನೆಲ್ಲ ತಾನೇ ವಹಿಸಿಕೊಂಡಿತು. ನಿಯಮಕ್ಕೆ ಹೊರತಾದ ನಡೆಯನ್ನು ಅದು ಬಿಡುವುದೇ ಇಲ್ಲ. ಕಟ್ಟನ್ನು ಪ್ರಾಮಾಣಿಕವಾಗಿ ಕಲಸುತ್ತದೆ. ನಾಣ್ಯ ಮೇಜಿನಡಿಗೆ ಉರುಳಿತೆಂಬ ತಕರಾರಿಲ್ಲ. ನಡುವೆ ಯಂತ್ರ ಆರಿಸಿದರೂ ಪಂದ್ಯ ನಿಂತಲ್ಲಿಂದ ಮುಂದುವರಿಯುತ್ತದೆ. ಬಸ್ಸಿನಲ್ಲಿ ಕೂತವನಿಗೆ ಇದು ಅನುಕೂಲ. ಸೋಲು ಕಂಡೊಡನೆ ಸ್ವಿಚ್ ಒತ್ತಿ ತಪ್ಪಿಸಿಕೊಳ್ಳಬೇಕೆಂದವನಿಗೆ ಅಡ್ಡಿ.

ಕಾರ್ಡುಗಳು

ಆಟದಲ್ಲಿರುವುದು ಒಟ್ಟು 228 ಕಾರ್ಡು. ಬಹುಪಾಲು ಮೂಲ ಆಟದ ಮೊದಲ ಮೂರು ಸರಣಿಗಳಿಂದ, ಅಂದರೆ ಬೇಸ್ ಸೆಟ್, ಜಂಗಲ್ ಮತ್ತು ಫಾಸಿಲ್‌ಗಳಿಂದ, ಬಂದವು. ಉಳಿದವು ಪ್ರಚಾರಕ್ಕೆಂದು ಬಿಟ್ಟ ಕಾರ್ಡುಗಳು ಮತ್ತು ಪರದೆಗೆಂದೇ ಹೊಸದಾಗಿ ರಚಿಸಿದವು. ಈ ಕೊನೆಯ ಗುಂಪನ್ನು ಗಮನಿಸಬೇಕು, ಯಾಕೆಂದರೆ ಯಂತ್ರಕ್ಕೆ ಸುಲಭವಾದದ್ದು ಮತ್ತು ಕೈಗೆ ಸುಲಭವಾದದ್ದು ಒಂದೇ ಅಲ್ಲವೆಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಈ ಆಟಕ್ಕೆಂದೇ ಹುಟ್ಟಿದ ಜ್ಯಾಪ್‌ಡೋಸ್ ಕಾರ್ಡಿನ ಮಹಾಸಿಡಿಲು ತನ್ನನ್ನು ಬಿಟ್ಟು ಕಣದಲ್ಲಿರುವ ಯಾವುದೋ ಒಂದು ಪೋಕೆಮಾನ್‌ಗೆ 70ರ ಪೆಟ್ಟು ಕೊಡುತ್ತದೆ. ಯಾರಿಗೆ ಎಂಬುದನ್ನು ಯಂತ್ರವೇ ಎತ್ತಿ ತೋರಿಸುತ್ತದೆ. ಹೊಡೆದವನ ಬೆಂಚಿನವರಿಗೇ ಬಡಿದರೂ ಬಡಿಯಿತು. ಕಾಗದದ ಆಟದಲ್ಲಿ ಹತ್ತು ಹನ್ನೆರಡು ಪೋಕೆಮಾನ್‌ಗಳಲ್ಲಿ ಒಂದನ್ನು ಪಕ್ಷಪಾತವಿಲ್ಲದೆ ಆರಿಸಲು ಚೀಟಿ ಎತ್ತಬೇಕಾದೀತು. ಇನ್ನೊಂದು ಕಡೆ, ಎದುರಾಳಿಯ ರೂಪ ತಾಳುವ ಡಿಟ್ಟೊ ಕಾರ್ಡು ಫಾಸಿಲ್ ಸರಣಿಯಲ್ಲಿದ್ದ ಹಾಗೆ ಇಲ್ಲಿಲ್ಲ. ಇಲ್ಲಿನ ಡಿಟ್ಟೊ ಆಟಗಾರನ ಕಟ್ಟಿನಿಂದಲೇ ಯಾವುದೋ ಒಂದು ಪೋಕೆಮಾನ್ ಆಗಿ ಮಾರ್ಪಡುತ್ತದೆ. ತಾನೇ ಎನರ್ಜಿ ಕಾರ್ಡಾಗಿ ಅಂಟಿಕೊಳ್ಳುವ ಬೇಸ್ ಸೆಟ್ಟಿನ ಎಲೆಕ್ಟ್ರೋಡ್‌ಗೂ ಬದಲಿ ಬಂದಿದೆ. ಮನುಷ್ಯರು 'ಇದನ್ನು ಎನರ್ಜಿ ಅಂತ ತಿಳಿದುಕೋ' ಎಂದು ಒಪ್ಪಿಕೊಂಡು ಮುಂದೆ ಹೋಗುವಲ್ಲಿ ಚಿಕ್ಕ ಯಂತ್ರದ ಪ್ರೋಗ್ರಾಮು ತಡವರಿಸುತ್ತದೆ.

ಕಾರ್ಡು ಸಿಗುವ ದಾರಿ ಬಹುಮಟ್ಟಿಗೆ ಒಂದೇ: ಗೆಲ್ಲುವುದು. ಪ್ರತಿ ಗೆಲುವಿಗೆ ಹತ್ತು ಕಾರ್ಡುಗಳ ಪ್ಯಾಕೆಟ್ಟುಗಳು ಕೈಗೆ ಬರುತ್ತವೆ. ಕೊಲೊಸಿಯಮ್, ಎವಲ್ಯೂಷನ್, ಮಿಸ್ಟರಿ, ಲ್ಯಾಬೊರೇಟರಿ ಎಂದು ನಾಲ್ಕು ಬಗೆ. ಯಾವ ಎದುರಾಳಿ ಯಾವುದನ್ನು ಕೊಡುತ್ತಾನೆಂದು ತಿಳಿದರೆ ಬೇಕಾದ ಕಾರ್ಡನ್ನು ಹುಡುಕಿಕೊಂಡು ಹೋಗಬಹುದು. ಸೋತರೆ ಕಳೆದುಕೊಳ್ಳುವುದೇನೂ ಇಲ್ಲ. ಅಂಗಡಿ ಇಲ್ಲ, ನಾಣ್ಯದ ಚೀಲ ಇಲ್ಲ. ಪ್ಯಾಕೆಟ್ಟಿನ ಬಾಯಿ ಹರಿದಾಗ ಎದೆಯಲ್ಲಾಗುವ ಆ ಸಣ್ಣ ಜಿಗಿತ ಹಾಗೆಯೇ ಉಳಿದಿದೆ. ಅದಕ್ಕೆ ತೆರಬೇಕಾದದ್ದು ಮಾತ್ರ ಬದಲಾಗಿದೆ, ಅಪ್ಪನ ಪಾಕೀಟಿನ ಬದಲು ಒಂದು ಚೆನ್ನಾಗಿ ಆಡಿದ ಪಂದ್ಯ. ಎಲ್ಲರೂ ಬಯಸುವ ಚಾರಿಜಾರ್ಡ್ ಕಾರ್ಡನ್ನೇ ತೆಗೆದುಕೊಳ್ಳಿ. 120 ಪ್ರಾಣಾಂಕ (ಅಷ್ಟು ಪೆಟ್ಟು ಬಿದ್ದರೆ ಮಾತ್ರ ಕೆಡೆಯುತ್ತದೆ), ಎರಡು ಎನರ್ಜಿ ಸುಟ್ಟು ಕೊಡುವ 100ರ ಪೆಟ್ಟು. ಅದರ ಮೊದಲ ಮುದ್ರಣದ, ಕಲೆಯಿಲ್ಲದ ಒಂದು ಇಂಗ್ಲಿಷ್ ಪ್ರತಿ 2022ರಲ್ಲಿ 4,20,000 ಡಾಲರಿಗೆ ಹರಾಜಾಯಿತು. ಅಷ್ಟು ಬೆಲೆಯ ಕಾರ್ಡಿನಲ್ಲಿ ಯಾರೂ ಆಡುವುದಿಲ್ಲ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಗೇಮ್ ಬಾಯ್‌ನ 160 ಚುಕ್ಕಿ ಅಗಲದ ಪರದೆಯಲ್ಲಿ ಮಿತ್ಸುಹಿರೊ ಅರಿಟಾ ಬರೆದ ಆ ಚಿತ್ರ ಒರಟಾಗಿ ಕಾಣುತ್ತದೆ ನಿಜ, ಆದರೆ ಆಡಬಹುದು. ಆಡಿದಾಗ ಗೊತ್ತಾಗುವ ಸಂಗತಿಯೆಂದರೆ ಚಾರಿಜಾರ್ಡ್ ಅಂಥ ಒಳ್ಳೆಯ ಕಾರ್ಡೇನೂ ಅಲ್ಲ. ಎಳೆಯ ರೂಪದ ಕಾರ್ಡಿನಿಂದ ಎರಡು ಹಂತ ವಿಕಾಸ ಮಾಡಿ, ನಾಲ್ಕು ಎನರ್ಜಿ ಕೂಡಿಸುವ ಹೊತ್ತಿಗೆ ಪಂದ್ಯ ಅರ್ಧ ಕೈಬಿಟ್ಟಿರುತ್ತದೆ.

ಕ್ಲಬ್ಬುಗಳು

ಕಥೆ ನೆಪಮಾತ್ರ. ಮಾರ್ಕ್ ಎಂಬ ಹುಡುಗ ಡಾಕ್ಟರ್ ಮೇಸನ್‌ನ ಪ್ರಯೋಗಾಲಯದಲ್ಲಿ ಸ್ಯಾಮ್ ಎಂಬಾತನೊಡನೆ ಅಭ್ಯಾಸದ ಪಂದ್ಯ ಆಡಿ ನಿಯಮ ಕಲಿಯುತ್ತಾನೆ. ಚಾರ್‌ಮ್ಯಾಂಡರ್, ಸ್ಕ್ವರ್ಟಲ್, ಬಲ್ಬಸಾರ್ ಮುಂದಾಳುಗಳಾದ ಮೂರು ಕಟ್ಟುಗಳಲ್ಲಿ ಒಂದನ್ನು ಆರಿಸಿಕೊಂಡು ಹೊರಡುತ್ತಾನೆ. ಎಂಟು ಕ್ಲಬ್ಬುಗಳ ಯಜಮಾನರನ್ನು ಸೋಲಿಸಿ ಪದಕ ಗಳಿಸಬೇಕು, ಆಮೇಲೆ ಪೋಕೆಮಾನ್ ಡೋಮ್‌ನಲ್ಲಿ ನಾಲ್ವರು ಗ್ರ್ಯಾಂಡ್ ಮಾಸ್ಟರ್‌ಗಳನ್ನು ಎದುರಿಸಬೇಕು. ಅಲ್ಲಿಗೆ ಮುಗಿಯಿತೆನ್ನುವಾಗ ರೊನಾಲ್ಡ್ ಎಂಬ ಬಡಾಯಿಕೋರ ಗೆಳೆಯ ತಾನೇ ಮೊದಲು ಗೆದ್ದೆನೆಂದು ಎದ್ದು ನಿಲ್ಲುತ್ತಾನೆ. ಕೊನೆಯ ಬಹುಮಾನ ನಾಲ್ಕು ಐತಿಹ್ಯದ ಕಾರ್ಡುಗಳು. ಊರಿನಿಂದೂರಿಗೆ ನಡೆಯುವ ಕೆಲಸವೂ ಇಲ್ಲ. ಭೂಪಟದ ಮೇಲೆ ಜಾಗ ಆರಿಸಿದರೆ ಬಾಗಿಲ ಮುಂದೆ ಇರುತ್ತೀರಿ.

ಈ ಎಂಟು ಕ್ಲಬ್ಬುಗಳ ಜೋಡಣೆಯಲ್ಲಿ ಆಟ ರೂಪಿಸಿದವರ ಜಾಣ್ಮೆ ಕಾಣುತ್ತದೆ. ಹೊರನೋಟಕ್ಕೆ ಅವು ನೀರು, ಬೆಂಕಿ, ಹುಲ್ಲು, ಮಿಂಚು, ಬಂಡೆ, ಕಾಳಗ, ಮನಶ್ಶಕ್ತಿ, ವಿಜ್ಞಾನ ಎಂಬ ವಿಂಗಡಣೆ. ಒಳಹೊಕ್ಕರೆ ಒಬ್ಬೊಬ್ಬ ಯಜಮಾನನೂ ಕಾರ್ಡ್ ಆಟದ ಒಂದೊಂದು ತಂತ್ರವನ್ನು ಹೊತ್ತು ಕೂತಿದ್ದಾನೆ. ನೀರಿನ ಕ್ಲಬ್ಬಿನ ಏಮಿಯ ಕಟ್ಟು ನಿಂತಿರುವುದು ಬ್ಲಾಸ್ಟಾಯ್ಸ್‌ನ ಮೇಲೆ. ಸರದಿಗೆ ಒಂದೇ ಎನರ್ಜಿ ಎಂಬ ನಿಯಮವನ್ನೇ ಅದು ಮುರಿಯುತ್ತದೆ. ಕೈಯಲ್ಲಿರುವಷ್ಟು ನೀರಿನ ಎನರ್ಜಿಯನ್ನು ಒಟ್ಟಿಗೆ ಸುರಿಯಬಹುದು. ಅದು ವಿಕಾಸವಾಗುವ ಮೊದಲೇ ಕೆಡವಬೇಕೆಂಬುದು ಒಂದೆರಡು ಸೋಲಿನಲ್ಲಿ ತಾನಾಗಿ ತಲೆಗೆ ಹತ್ತುತ್ತದೆ. ಮಿಂಚಿನ ಕ್ಲಬ್ಬಿನ ಐಸಾಕ್ ತನ್ನ ಪೋಕೆಮಾನ್‌ಗಳನ್ನೇ ಸಿಡಿಸಿ ಎರಡೂ ಕಡೆಯ ಬೆಂಚಿಗೆ ಪೆಟ್ಟು ಹಂಚುತ್ತಾನೆ. ಅವನೆದುರು ಬೆಂಚಿನಲ್ಲಿ ಎಳೆಯ ಪೋಕೆಮಾನ್‌ಗಳನ್ನು ಸಾಲಾಗಿ ಕೂರಿಸಿದವನಿಗೆ ಉಳಿಗಾಲವಿಲ್ಲ. ಹುಲ್ಲಿನ ಕ್ಲಬ್ಬಿನ ನಿಕಿ ತನ್ನ ಕ್ಲಬ್ಬಿನಲ್ಲೇ ಸಿಗುವುದಿಲ್ಲ, ಇಶಿಹಾರಾ ಎಂಬ ಕಾರ್ಡ್ ಸಂಗ್ರಾಹಕನ ಮನೆಯಲ್ಲಿ ಹರಟುತ್ತಿರುತ್ತಾಳೆ. ಕಾಳಗದ ಕ್ಲಬ್ಬಿನ ಮಿಚ್‌ನನ್ನು ಎದುರಿಸಲು ಬೇರೆ ಬೇರೆ ಕ್ಲಬ್ಬುಗಳಿಗೆ ತಿರುಗಾಟಕ್ಕೆ ಹೋದ ಅವನ ಮೂವರು ಶಿಷ್ಯರನ್ನು ಮೊದಲು ಹುಡುಕಿ ಸೋಲಿಸಬೇಕು.

ನನ್ನ ಮಟ್ಟಿಗೆ ಇವರಲ್ಲಿ ಮೇಲಾದವನು ಮನಶ್ಶಕ್ತಿ ಕ್ಲಬ್ಬಿನ ಮರೇ. ಅವನ ಅಲಕಜಾಮ್ ಒಂದು ಪೋಕೆಮಾನ್‌ಗೆ ಬಿದ್ದ ಪೆಟ್ಟನ್ನು ಇನ್ನೊಂದಕ್ಕೆ ಬೇಕೆಂದಷ್ಟು ಸಲ ವರ್ಗಾಯಿಸಬಲ್ಲದು. ಮುಂದೆ ನಿಂತ ಮಿಸ್ಟರ್ ಮೈಮ್‌ಗೆ 30 ಅಥವಾ ಅದಕ್ಕೆ ಮೇಲ್ಪಟ್ಟ ಯಾವ ಪೆಟ್ಟೂ ನಾಟದು. ಬೆಂಚಿನಲ್ಲಿ ಚ್ಯಾನ್ಸಿಯಂಥ ದಪ್ಪ ಪ್ರಾಣಿಗಳು ಪೆಟ್ಟು ನುಂಗುತ್ತ ಕೂತಿರುತ್ತವೆ. ದೊಡ್ಡ ಹೊಡೆತವೇ ಗೆಲುವು ಎಂದು ಅಲ್ಲಿಯವರೆಗೆ ನಂಬಿದ್ದ ಆಟಗಾರನಿಗೆ 10, 20ರ ಸಣ್ಣ ಪೆಟ್ಟುಗಳ ಬೆಲೆ ತಿಳಿಯುವುದು ಇವನೆದುರು. ಕಾರ್ಡ್ ಬದಲಿಸಿ ಮರಳಿ ಬರುವುದಕ್ಕೆ ಆಟ ಏನೂ ದಂಡ ಹಾಕುವುದಿಲ್ಲವಾದ್ದರಿಂದ ಸೋಲು ಬೇಸರ ತರಿಸದೆ ಕಟ್ಟಿನ ಮುಂದೆ ಕೂರಿಸುತ್ತದೆ. ಈ 60ರಲ್ಲಿ ಯಾವುದು ಹೊರಗೆ, ಯಾವುದು ಒಳಗೆ ಎಂದು ಲೆಕ್ಕ ಹಾಕುವ ಆ ಮೌನದ ಹೊತ್ತು ಪಂದ್ಯಕ್ಕಿಂತ ಹಿತವೆನಿಸುವುದೂ ಉಂಟು.

ನಡುನಡುವೆ ತಮಾಷೆಗೆ ಇಮಾಕುನಿ? ಇದ್ದಾನೆ. ಹೆಸರಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮುದ್ರಣದ ತಪ್ಪಲ್ಲ. ಕಪ್ಪು ವೇಷ ತೊಟ್ಟು ಪೋಕೆಮಾನ್ ಹಾಡು ಹಾಡಿ ಜಪಾನಿ ಮಕ್ಕಳಿಗೆ ಪರಿಚಿತನಾಗಿದ್ದ ನಿಜವಾದ ಕಲಾವಿದ ಆತ. ಆಟದಲ್ಲಿ ಒಮ್ಮೆ ಈ ಕ್ಲಬ್ಬಿನ ಮೊಗಸಾಲೆಯಲ್ಲಿ, ಇನ್ನೊಮ್ಮೆ ಆ ಕ್ಲಬ್ಬಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಅವನ ಹೆಸರಿನ ಕಾರ್ಡೂ ಒಂದಿದೆ; ಅದನ್ನು ಆಡಿದರೆ ಆಡಿದವನ ಪೋಕೆಮಾನ್‌ಗೇ ಗೊಂದಲ ಹಿಡಿಯುತ್ತದೆ, ಇನ್ನಾವ ಪ್ರಯೋಜನವೂ ಇಲ್ಲ. ಕ್ರೀಚರ್ಸ್‌ನ ಇಶಿಹಾರಾ ಅವರನ್ನೇ ಸಂಗ್ರಾಹಕನಾಗಿ ಚಿತ್ರಿಸಿ ಕಾರ್ಡ್ ವಿನಿಮಯಕ್ಕೆ ಕೂರಿಸಿರುವುದೂ ಇದೇ ಬಗೆಯ ಮನೆಯೊಳಗಿನ ಹಾಸ್ಯ.

ಇನ್ಫ್ರಾರೆಡ್ ಮತ್ತು ಕಾರ್ಡ್ ಪಾಪ್

ಸಪ್ಪೊರೊ ನಗರದ ಹಡ್ಸನ್ ಸಾಫ್ಟ್, ಬಾಂಬರ್‌ಮ್ಯಾನ್ ಆಟದಿಂದ ಹೆಸರಾದ ಸಂಸ್ಥೆ. ಅದು ಗೇಮ್ ಬಾಯ್ ಕಾರ್ಟ್ರಿಜ್ಜಿನೊಳಗೇ ಇನ್ಫ್ರಾರೆಡ್ ದೀಪ ಹುದುಗಿಸುವ ತನ್ನದೇ ಚಿಪ್ ತಯಾರಿಸಿತ್ತು. ಈ ಆಟದ ಜಪಾನಿ ಕಾರ್ಟ್ರಿಜ್ ಅದನ್ನೇ ಬಳಸಿತು. ಹೊರದೇಶಗಳ ಆವೃತ್ತಿ ಗೇಮ್ ಬಾಯ್ ಕಲರ್‌ನ ಮೈಯಲ್ಲಿದ್ದ ಇನ್ಫ್ರಾರೆಡ್ ಕಿಂಡಿಯನ್ನು ನೆಚ್ಚಿಕೊಂಡಿತು. ಇಬ್ಬರು ಆಟಗಾರರು ತಮ್ಮ ಯಂತ್ರಗಳನ್ನು ಎದುರುಬದುರು ಹಿಡಿದರೆ 'ಕಾರ್ಡ್ ಪಾಪ್' ಎಂಬ ಸೌಲಭ್ಯದಿಂದ ಇಬ್ಬರಿಗೂ ಒಂದೊಂದು ಕಾರ್ಡು ಸಿಗುತ್ತಿತ್ತು. ಮಟ್ಟ 64ರ ವೀನಸಾರ್ ಮತ್ತು ಮಟ್ಟ 15ರ ಮ್ಯೂ ದೊರೆಯುತ್ತಿದ್ದದ್ದು ಈ ದಾರಿಯಲ್ಲಿ ಮಾತ್ರ. ಉಳಿದ 226 ಕಾರ್ಡನ್ನು ಒಬ್ಬನೇ ಕೂತು ಗಳಿಸಬಹುದು. ಆ ಎರಡಕ್ಕೆ ಮಾತ್ರ ಇನ್ನೊಬ್ಬ ಮನುಷ್ಯ ಬೇಕೇ ಬೇಕು. ಕೇಬಲ್ ಹಾಕಿ ಇಬ್ಬರು ಪಂದ್ಯ ಆಡುವ ವ್ಯವಸ್ಥೆಯೂ ಇತ್ತು.

ಕೊರತೆಗಳು

ಯಂತ್ರದ ಎದುರಾಳಿ ಜಾಣನಲ್ಲ. ಕ್ಲಬ್ಬಿನ ಸದಸ್ಯರ ಕಟ್ಟುಗಳು ಗೆಲ್ಲಲೆಂದಲ್ಲ, ಒಂದು ವಿಷಯವನ್ನು ತೋರಿಸಲೆಂದು ಜೋಡಿಸಿದವು. ಬೇಡದ ಹೊತ್ತಿನಲ್ಲಿ ಅವರು ಒಳ್ಳೆಯ ಕಾರ್ಡನ್ನು ಖರ್ಚು ಮಾಡುತ್ತಾರೆ. ಅರ್ಧ ಆಟ ಕಳೆಯುವಷ್ಟರಲ್ಲಿ ಆಟಗಾರ ಅವರಿಗಿಂತ ಬಹಳ ಮುಂದಿರುತ್ತಾನೆ. ಆಗ ಸೋಲಿಸಬಲ್ಲದ್ದು ನಾಣ್ಯವೊಂದೇ, ಅದು ಬೇಕಾದಷ್ಟು ಸಲ ಸೋಲಿಸುತ್ತದೆ. ಮೊದಲ ಕಾಲದ ಕಾರ್ಡುಗಳಲ್ಲಿ ಎಷ್ಟೋ ಹೊಡೆತಗಳು ಚಿತ್ತೋ ಪಟ್ಟೋ ಎಂಬುದನ್ನೇ ನಂಬಿವೆ.

ಕಾಗದದ ಆಟದ ಅಸಮತೋಲವೂ ಹಾಗೆಯೇ ಬಂದಿದೆ. ಆಗ ಒಂದು ಸರದಿಯಲ್ಲಿ ಎಷ್ಟು ಟ್ರೇನರ್ ಕಾರ್ಡು (ಪೋಕೆಮಾನ್ ಅಥವಾ ಎನರ್ಜಿ ಅಲ್ಲದ ನೆರವಿನ ಕಾರ್ಡು) ಬೇಕಾದರೂ ಆಡಬಹುದಿತ್ತು. ಬಿಲ್ ಎರಡು ಕಾರ್ಡು ಎತ್ತಿಸುತ್ತಾನೆ, ಪ್ರೊಫೆಸರ್ ಓಕ್ ಕೈಯಲ್ಲಿದ್ದದ್ದನ್ನೆಲ್ಲ ಎಸೆದು ಏಳು ಹೊಸತು ಕೊಡಿಸುತ್ತಾನೆ, ಎನರ್ಜಿ ರಿಮೂವಲ್ ಎದುರಾಳಿಯ ದುಡಿಮೆಯನ್ನು ಕಿತ್ತುಹಾಕುತ್ತದೆ. ಹಿಟ್‌ಮಾಂಚಾನ್, ಎಲೆಕ್ಟಬಜ್, ಸೈಥರ್‌ಗಳಂಥ ವಿಕಾಸವೇ ಬೇಡದ 70 ಪ್ರಾಣಾಂಕದ ಗಟ್ಟಿಗರನ್ನು ಈ ಟ್ರೇನರ್‌ಗಳ ಜೊತೆ ಸೇರಿಸಿದ 'ಹೇಮೇಕರ್' ಕಟ್ಟು ಅಮೆರಿಕದ ಪಂದ್ಯಾವಳಿಗಳನ್ನು ಆಳಿತು. ಗೇಮ್ ಬಾಯ್‌ನಲ್ಲೂ ಅದು ಎಲ್ಲರನ್ನೂ ಉರುಳಿಸುತ್ತದೆ, ಮತ್ತು ಆಟದ ರುಚಿಯನ್ನೂ ಕೆಡಿಸುತ್ತದೆ. ಮೊದಲ ಸಲ ಆಡುವವರು ಅದನ್ನು ಕಟ್ಟದಿರುವುದು ಲೇಸು. ಇಷ್ಟವಾದ ಪೋಕೆಮಾನ್ ಹಿಡಿದು ಒಂದು ಸಾಧಾರಣ ಕಟ್ಟು ಕಟ್ಟಿಕೊಂಡರೆ ಎದುರಾಳಿಗಳ ದಡ್ಡತನಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಆದರೆ ಮುಖ್ಯವಾಗಿ ಇಲ್ಲವಾದದ್ದು ಮೇಜಿನ ಆಚೆಯ ಮುಖ. ಒಳ್ಳೆಯ ಕಾರ್ಡು ಬಂದಾಗ ತುಟಿಯಂಚಿನಲ್ಲಿ ತಪ್ಪಿ ಹೊರಬೀಳುವ ನಗು, ಎರಡು ಸಾಧಾರಣ ಕಾರ್ಡಿಗೆ ಒಂದು ಹೊಳೆಯುವ ಕಾರ್ಡು ಕೇಳುವ ಚೌಕಾಸಿ, ಇವು ಯಂತ್ರಕ್ಕೆ ಬಾರವು. ಹೆಸರಿನಲ್ಲೇ ವಿನಿಮಯವಿರುವ ಆಟದಲ್ಲಿ ವಿನಿಮಯವೇ ತೀರ ತೆಳ್ಳಗಾಗಿದೆ.

ಉತ್ತರಾಧಿಕಾರಿಗಳು

ಎರಡನೆಯ ಭಾಗ 'ಪೋಕೆಮಾನ್ ಕಾರ್ಡ್ ಜಿಬಿ 2' 2001ರ ಮಾರ್ಚ್ 28ರಂದು ಜಪಾನಿನಲ್ಲಿ ಮಾತ್ರ ಬಂತು. ಮಿಂಟ್ ಎಂಬ ಹುಡುಗಿಯಾಗಿಯೂ ಆಡಬಹುದಿತ್ತು. ಕಾರ್ಡ್ ಕದಿಯುವ ಜಿಆರ್ ದಳದ ಬೆನ್ನಟ್ಟಿ ಇನ್ನೊಂದು ದ್ವೀಪಕ್ಕೆ ಹೋಗಬೇಕಿತ್ತು. ಮೊದಲನೆಯದಕ್ಕಿಂತ ಎಲ್ಲ ರೀತಿಯಲ್ಲೂ ತುಂಬಿಕೊಂಡ ಆಟ. ಅಧಿಕೃತ ಇಂಗ್ಲಿಷ್ ರೂಪ ಬಾರದಿದ್ದಾಗ ಅಭಿಮಾನಿಗಳೇ ಅನುವಾದ ಮಾಡಿಕೊಂಡರು.

ಆಮೇಲೆ ಬಂದ ಡಿಜಿಟಲ್ ಕಾರ್ಡ್ ಆಟಗಳು ಬೇರೆ ದಾರಿ ಹಿಡಿದವು. 2002ರ 'ಮ್ಯಾಜಿಕ್ ಆನ್‌ಲೈನ್' ಪರದೆಯ ಮೇಲಿನ ಪ್ಯಾಕೆಟ್ಟುಗಳನ್ನು ನಿಜವಾದ ಹಣಕ್ಕೆ ಮಾರಿತು. 2014ರಲ್ಲಿ ಬ್ಲಿಜಾರ್ಡ್ ಸಂಸ್ಥೆಯ 'ಹಾರ್ತ್‌ಸ್ಟೋನ್', ಕಾಗದದ ಮೂಲವೇ ಇಲ್ಲದೆ, ಆಡಲು ಬಿಟ್ಟಿ, ಕಾರ್ಡಿಗೆ ಹಣ ಎಂಬ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಪೋಕೆಮಾನ್‌ನದೇ ಆನ್‌ಲೈನ್ ಆಟ 2011ರಿಂದ 2023ರವರೆಗೆ ನಡೆದು 'ಪೋಕೆಮಾನ್ ಟಿಸಿಜಿ ಲೈವ್' ಎಂಬುದಕ್ಕೆ ಜಾಗ ಬಿಟ್ಟಿತು. 2024ರ ಅಕ್ಟೋಬರ್ 30ರಂದು ಬಂದ 'ಪೋಕೆಮಾನ್ ಟಿಸಿಜಿ ಪಾಕೆಟ್' ಮೊಬೈಲಿಗೆ ತಕ್ಕಂತೆ ನಿಯಮವನ್ನೇ ಕುಗ್ಗಿಸಿದೆ: 20 ಕಾರ್ಡಿನ ಕಟ್ಟು, ಮೂರು ಅಂಕಕ್ಕೆ ಗೆಲುವು, ಎನರ್ಜಿ ಕಾರ್ಡೇ ಇಲ್ಲ. ಪಂದ್ಯ ಕೆಲವೇ ನಿಮಿಷಗಳದು. ದಿನಕ್ಕೆ ಎರಡು ಪ್ಯಾಕೆಟ್ಟು ಪುಕ್ಕಟೆ. ಹೆಚ್ಚು ಬೇಕೆಂದವರು ಕಾಯಬೇಕು ಅಥವಾ ದುಡ್ಡು ತೆರಬೇಕು. ಪ್ಯಾಕೆಟ್ಟಿನ ಹೊದಿಕೆಯನ್ನು ಬೆರಳಿನಿಂದ ಸೀಳುವ ಅನುಭವವನ್ನು ಅದು ಬಹಳ ಮುತುವರ್ಜಿಯಿಂದ ರೂಪಿಸಿದೆ. ಗೆದ್ದು ಗಳಿಸುವ ಸಂತೋಷಕ್ಕಿಂತ ಒಡೆದು ನೋಡುವ ಸಂತೋಷವೇ ಅಲ್ಲಿ ಮುಂದೆ ನಿಂತಿದೆ.

ಗೇಮ್ ಬಾಯ್ ಆಟ 2014ರಲ್ಲಿ ನಿಂಟೆಂಡೊ 3ಡಿಎಸ್ ಯಂತ್ರಕ್ಕೂ, 2023ರ ಆಗಸ್ಟ್ 8ರಂದು ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾದಾರರಿಗೂ ಮರಳಿ ಸಿಕ್ಕಿತು. 3ಡಿಎಸ್ ಆವೃತ್ತಿಯಲ್ಲಿ ಇನ್ಫ್ರಾರೆಡ್ ಸಂಪರ್ಕ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಆಡಿದವರ ಸಂಗ್ರಹ 226ಕ್ಕೆ ನಿಲ್ಲುತ್ತದೆ. ವೀನಸಾರ್ ಮತ್ತು ಮ್ಯೂ ಅವರಿಗೆ ಸಿಗುವಂತಿಲ್ಲ.